ಕೌಂಟಿ ಬೋರ್ಡನ್ನು ಚಿಕ್ಕದು ಮಾಡಲು ಸಹಿ ಸಂಗ್ರಹ: ವಿಸ್ಕಾನ್ಸಿನ್ ಮತದಾರರಿಗೆ ಸಮಗ್ರ ಮಾರ್ಗದರ್ಶಿ

ಚಳಿಗಾಲದಲ್ಲಿ ಮನೆಮನೆಗೆ ಹೋಗಿ ಸಹಿ ಹಾಕಿಸುವವರ ಹತ್ತಿರ ಎರಡು ಪೆನ್ನು ಇರಬೇಕು. ಒಂದು ಕೈಯಲ್ಲಿ, ಇನ್ನೊಂದು ಒಳಜೇಬಿನಲ್ಲಿ, ಮೈಗೆ ತಾಗಿಕೊಂಡಂತೆ. ಮೈನಸ್ ಹತ್ತರಲ್ಲಿ ಬಾಲ್ ಪೆನ್ನಿನ ಇಂಕು ಗಟ್ಟಿಯಾಗುತ್ತದೆ. ಬಾಗಿಲು ತೆರೆದವರು ಅರ್ಧ ಹೆಸರು ಬರೆದು ನಿಂತುಬಿಡುತ್ತಾರೆ. ಇನ್ನೊಂದು ಪೆನ್ನು ಹುಡುಕುವಷ್ಟರಲ್ಲಿ ಮನೆಯೊಳಗಿನ ಬಿಸಿಯೂ ಹೊರಗೆ ಹೋಗಿರುತ್ತದೆ, ಅವರ ಮನಸ್ಸೂ ಬದಲಾಗಿರುತ್ತದೆ.

ಒಂದು ಚಳಿಗಾಲ ನಾನು ಪಕ್ಕದ ಮನೆಯವರ ಜೊತೆ ಸೇರಿ ನಮ್ಮ ಕೌಂಟಿ ಬೋರ್ಡಿನ ಸದಸ್ಯರ ಸಂಖ್ಯೆ ಇಳಿಸುವ ಅರ್ಜಿಗೆ ಸಹಿ ಹಾಕಿಸಿದೆ. ಅರ್ಜಿ ಬಿದ್ದುಹೋಯಿತು. ಜನ ಬೇಡ ಅಂದಿದ್ದಕ್ಕಲ್ಲ. ಜನ ಖುಷಿಯಿಂದಲೇ ಸಹಿ ಹಾಕಿದ್ದರು. ನಮ್ಮ ಹಾಳೆಗಳೇ ಸರಿಯಿರಲಿಲ್ಲ. ಎಲ್ಲೋ ದಿನಾಂಕ ಇಲ್ಲ, ಎಲ್ಲೋ ಊರಿನ ಹೆಸರು ತಪ್ಪು, ಒಂದು ಕಟ್ಟಿಗಂತೂ ನಾನೇ ಸಹಿಗಳಿಗಿಂತ ಹಿಂದಿನ ದಿನಾಂಕ ಹಾಕಿ ದೃಢೀಕರಿಸಿದ್ದೆ. ಆಗ ಗೊತ್ತಿರಬೇಕಿತ್ತು ಅನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ನಾನು ವಕೀಲನಲ್ಲ. ಅರ್ಜಿ ಸಲ್ಲಿಸುವ ಮುಂಚೆ ಚುನಾವಣಾ ಕಾನೂನು ಗೊತ್ತಿರುವ ವಕೀಲರೊಬ್ಬರಿಗೆ ಒಂದು ಗಂಟೆಯ ಫೀಸು ಕೊಟ್ಟು ತೋರಿಸಿ. ಆ ದುಡ್ಡು ದಂಡವಲ್ಲ.

## ಮೊದಲು ಬೋರ್ಡಿನ ವಿಚಾರ

ವಿಸ್ಕಾನ್ಸಿನ್‌ನಲ್ಲಿ 72 ಕೌಂಟಿಗಳಿವೆ, ನಮ್ಮ ಜಿಲ್ಲೆಗಳ ಹಾಗೆ. ಪ್ರತಿ ಕೌಂಟಿಗೂ ಒಂದು ಬೋರ್ಡ್ ಆಫ್ ಸೂಪರ್‌ವೈಸರ್ಸ್, ಅದರ ಸದಸ್ಯರೇ ಸೂಪರ್‌ವೈಸರ್‌ಗಳು. ಸದಸ್ಯರನ್ನು ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಏಪ್ರಿಲ್‌ನ ಮೊದಲ ಮಂಗಳವಾರ, ಪಕ್ಷದ ಗುರುತಿಲ್ಲದೆ ಆರಿಸುತ್ತಾರೆ. ಜೈಲು, ಶೆರಿಫ್ ಕಚೇರಿ, ಕೌಂಟಿ ರಸ್ತೆ, ಪಾರ್ಕು, ಕಷ್ಟದಲ್ಲಿರುವ ಕುಟುಂಬಗಳ ನೆರವು, ಎಲ್ಲದರ ಬಜೆಟ್ಟೂ ಇವರ ಕೈಯಲ್ಲಿ.

ಈ ರಾಜ್ಯದ ಬೋರ್ಡುಗಳು ದೊಡ್ಡವು. ಮ್ಯಾಡಿಸನ್ ಇರುವ ಡೇನ್ ಕೌಂಟಿಯಲ್ಲಿ 37 ಸದಸ್ಯರು. ವಾಸಾ ಇರುವ ಮ್ಯಾರಥಾನ್ ಕೌಂಟಿಯಲ್ಲಿ 38. ಒಂದು ಕೋಟಿಯ ಹತ್ತಿರ ಜನ ಇರುವ ಲಾಸ್ ಏಂಜಲೀಸ್ ಕೌಂಟಿಯನ್ನು ಐದೇ ಜನ ನಡೆಸಿಕೊಂಡು ಬಂದಿದ್ದಾರೆ. ಹಾಗಂತ ಅದೇ ಮಾದರಿ ಅಂದುಕೊಳ್ಳಬೇಡಿ. 2024ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರೇ ಐದು ಸಾಲದು, ಒಂಬತ್ತು ಬೇಕು ಅಂದರು.

ವಿಸ್ಕಾನ್ಸಿನ್ ಕಾನೂನು ಜನಸಂಖ್ಯೆ ನೋಡಿಕೊಂಡು ಮೇಲಿನ ಮಿತಿಯನ್ನಷ್ಟೇ ಹಾಕಿದೆ. ಒಂದು ಲಕ್ಷ ದಾಟಿದ ಕೌಂಟಿಗೆ 47, ಐವತ್ತು ಸಾವಿರದಿಂದ ಲಕ್ಷದವರೆಗೆ 39, ಇಪ್ಪತ್ತೈದರಿಂದ ಐವತ್ತು ಸಾವಿರದವರೆಗೆ 31, ಅದಕ್ಕೂ ಕಡಿಮೆಯಿದ್ದರೆ 21. ಒಂದೇ ಟೌನ್ (ಸಿಟಿ, ವಿಲೇಜುಗಳ ಹೊರಗಿನ ಸ್ಥಳೀಯ ಆಡಳಿತ ಘಟಕ) ಇರುವ ಕೌಂಟಿಗೆ 7. ಈ ಮಿತಿಯೊಳಗೆ ಎಷ್ಟು ಬೇಕು ಅನ್ನುವುದನ್ನು ಹತ್ತು ವರ್ಷಕ್ಕೊಮ್ಮೆ, ಜನಗಣತಿಯ ನಂತರ ಕ್ಷೇತ್ರ ವಿಂಗಡಿಸುವಾಗ, ಬೋರ್ಡೇ ತೀರ್ಮಾನಿಸುತ್ತದೆ. ತನ್ನ ಕುರ್ಚಿಯನ್ನು ತಾನೇ ತೆಗೆಯಲು ಯಾರಿಗೆ ಮನಸ್ಸು ಬರುತ್ತದೆ, ಹೇಳಿ?

ಅದಕ್ಕೇ 2005ರ ಆ್ಯಕ್ಟ್ 100 ಬಂತು. ಮತದಾರರೇ ಸಹಿ ಸಂಗ್ರಹಿಸಿ, ಜನಮತಕ್ಕೆ ಹಾಕಿಸಿ, ಬೋರ್ಡಿನ ಗಾತ್ರ ಇಳಿಸಬಹುದು ಎಂದು ಅದು ಹೇಳಿತು. ಈಗಿನ ಕಾನೂನು ಪುಸ್ತಕದಲ್ಲಿ ಇದು 59.10(3)(cm) ಕಲಮು. ಪ್ರಿಂಟ್ ತೆಗೆದು ಜೇಬಲ್ಲಿಟ್ಟುಕೊಳ್ಳಿ. ವುಡ್ ಕೌಂಟಿ 38ರಿಂದ 19ಕ್ಕೆ, ಫಾನ್ ಡು ಲ್ಯಾಕ್ 36ರಿಂದ 18ಕ್ಕೆ, ವಾಲ್ವರ್ತ್ 25ರಿಂದ 11ಕ್ಕೆ ಇಳಿದದ್ದು ಈ ಕಾನೂನು ಬಂದ ಮೇಲಿನ ಕೆಲವೇ ವರ್ಷಗಳಲ್ಲಿ.

ಆ ಚಳಿಗಾಲ ಊರಿಂದ ಅಪ್ಪ ಬಂದಿದ್ದರು. ಹಾಳೆ ಹಿಡಿದು ಹೊರಟವನನ್ನು ನೋಡಿ, "ಪಂಚಾಯ್ತಿ ಮೆಂಬರು ಜಾಸ್ತಿ ಆದ್ರು ಅಂತ ಸಹಿ ಹಾಕ್ಸೋದಾ? ನಮ್ಮಲ್ಲಿ ಸೀಟು ಕಡಿಮೆ ಆಯ್ತು ಅಂತ ಜಗಳ ಮಾಡ್ತಾರಲ್ಲೋ" ಅಂದರು. ನಿಜವೇ. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿಯ ಸಂಖ್ಯೆಯನ್ನು 1993ರ ಕಾಯ್ದೆಯೇ ಕಟ್ಟಿಹಾಕಿದೆ. ಹೆಚ್ಚುಕಡಿಮೆ 400 ಜನಕ್ಕೆ ಒಬ್ಬ ಸದಸ್ಯರು. ಸಹಿ ಹಾಕಿಸಿ ಅದನ್ನು ಬದಲಿಸುವ ದಾರಿ ಅಲ್ಲಿಲ್ಲ.

## ಹೆಜ್ಜೆ 1: ಸಂಖ್ಯೆ ಆಮೇಲೆ, ಕಾರಣ ಮೊದಲು

ಬಾಗಿಲಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಎಷ್ಟು ಉಳಿತಾಯ?" ಇಲ್ಲಿ ಸುಳ್ಳು ಹೇಳಬೇಡಿ. ಬಹಳ ಕೌಂಟಿಗಳಲ್ಲಿ ಸೂಪರ್‌ವೈಸರ್ ಕೆಲಸ ಅರೆಕಾಲಿಕ. ಸಭೆಗಿಷ್ಟು ಎಂದು ಭತ್ಯೆ, ಜೊತೆಗೆ ಕಾರಿನ ಮೈಲಿ ಲೆಕ್ಕ. ಹದಿನೈದು ಜನರನ್ನು ಇಳಿಸಿದರೂ ಕೌಂಟಿ ಬಜೆಟ್ಟಿನ ಎದುರು ಅದು ಸಾರಿಗೆ ಹಾಕಿದ ಒಗ್ಗರಣೆಯಲ್ಲಿ ಒಂದು ಸಾಸಿವೆ ಕಾಳು. ಜೈಲು, ಹೆದ್ದಾರಿ ಇಲಾಖೆ, ಮಾನವ ಸೇವೆಗಳು ತಿನ್ನುವ ದುಡ್ಡು ಹಾಗೆಯೇ ಇರುತ್ತದೆ. ಬೋರ್ಡಿನ ಬಜೆಟ್ ಸಾಲನ್ನು ಕೌಂಟಿ ಕ್ಲರ್ಕ್ (ಕೌಂಟಿಯ ದಾಖಲೆ, ಚುನಾವಣೆ ನೋಡಿಕೊಳ್ಳುವ ಅಧಿಕಾರಿ) ಕಚೇರಿಯಿಂದ ತರಿಸಿ ನೀವೇ ಓದಿ. ಅದರಲ್ಲಿರುವುದಕ್ಕಿಂತ ಒಂದು ಡಾಲರ್ ಕೂಡ ಜಾಸ್ತಿ ಹೇಳಬೇಡಿ.

ನನಗೆ ಒಪ್ಪಿಗೆಯಾಗುವ ಕಾರಣಗಳು ಬೇರೆ. ಏಪ್ರಿಲ್ ಮತಪತ್ರ ತೆಗೆದು ನೋಡಿ. ಎಷ್ಟು ಕ್ಷೇತ್ರದಲ್ಲಿ ಒಬ್ಬರೇ ನಿಂತಿದ್ದಾರೆ? ಎಷ್ಟು ಕಡೆ ಯಾರೂ ನಿಂತಿಲ್ಲ? ಕುರ್ಚಿಗಳು ಜಾಸ್ತಿ, ಕೂರುವವರು ಕಡಿಮೆ ಆದಾಗ ಚುನಾವಣೆಗೆ ಅರ್ಥವೇ ಇರುವುದಿಲ್ಲ. ಇನ್ನೊಂದು: ನಿಮ್ಮ ಸೂಪರ್‌ವೈಸರ್ ಹೆಸರು ನಿಮ್ಮ ಬೀದಿಯಲ್ಲಿ ಎಷ್ಟು ಜನಕ್ಕೆ ಗೊತ್ತು, ಕೇಳಿ ನೋಡಿ.

ಎದುರು ವಾದಗಳನ್ನೂ ಈಗಲೇ ಕಲಿತುಕೊಳ್ಳಿ. ಅವು ದುರ್ಬಲ ವಾದಗಳಲ್ಲ. 60,000 ಜನರ ಕೌಂಟಿಯಲ್ಲಿ 30 ಸದಸ್ಯರಿದ್ದರೆ ತಲಾ 2,000 ಜನ. 15ಕ್ಕೆ ಇಳಿಸಿದರೆ ತಲಾ 4,000. ಹಾಲಿನ ಡೇರಿ ಇಟ್ಟುಕೊಂಡ ಟೌನ್ ಒಂದು, ನಗರದ ಅಂಚಿನ ಹೊಸ ಬಡಾವಣೆಯ ಜೊತೆ ಒಂದೇ ಕ್ಷೇತ್ರವಾಗಿಬಿಡುತ್ತದೆ. ಸಮಿತಿ ಕೆಲಸ ಅಷ್ಟೇ ಇರುತ್ತದೆ, ಮಾಡುವವರು ಅರ್ಧ. ಹಗಲು ಕೆಲಸಕ್ಕೆ ಹೋಗುವವರು ಇಷ್ಟು ಸಭೆಗೆ ಬರಲಾರರು. ಆಗ ನಿವೃತ್ತರೇ ಉಳಿಯುತ್ತಾರೆ.

ತೀರ ಚಿಕ್ಕದು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನ್ಯೂಯಾರ್ಕ್ ಕಡೆ ನೋಡಬೇಕು. ಅಲ್ಲಿನ ಟೌನ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಐದು ಜನ. ಬಫಲೋ ಸೀಮೆಯ ವಕೀಲ ಕೆವಿನ್ ಗಾಘನ್ ಒಂದು ಚಳವಳಿಯನ್ನೇ ಎಬ್ಬಿಸಿದರು. 2009ರ ಜೂನ್‌ನಲ್ಲಿ ವೆಸ್ಟ್ ಸೆನೆಕಾ ಮತ್ತು ಇವಾನ್ಸ್ ಟೌನ್‌ಗಳ ಮತದಾರರು ಐದನ್ನು ಮೂರು ಮಾಡಿದರು. ಕೇಳಲು ಚೆನ್ನಾಗಿದೆ. ಆದರೆ ಮೂರು ಜನರ ಬೋರ್ಡಿನಲ್ಲಿ ಇಬ್ಬರು ಸೇರಿದರೆ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಸಂಖ್ಯೆ. ಅಂದರೆ ಇಬ್ಬರು ಸದಸ್ಯರು ಕಾಫಿ ಕುಡಿಯುತ್ತಾ ಟೌನ್ ವಿಷಯ ಮಾತಾಡಿದರೂ ಅದು ಸಾರ್ವಜನಿಕರಿಗೆ ತಿಳಿಸಿ ನಡೆಸಬೇಕಾದ ಸಭೆ! ಹ್ಯಾಂಬರ್ಗ್ ಟೌನ್ ಹೀಗೆ ಮೂರಕ್ಕೆ ಇಳಿದು, ಮತ್ತೆ ಐದಕ್ಕೇ ಹೋಯಿತು.

ಇಲಿನಾಯ್ ಕಥೆ ಇನ್ನೊಂದು ತರ. ಅದು ಊರಿನ ಬೋರ್ಡಲ್ಲ, ರಾಜ್ಯದ ಶಾಸನಸಭೆ, ಆದರೂ ಪಾಠ ಇಲ್ಲಿಗೂ ಹೊಂದುತ್ತದೆ. 1980ರಲ್ಲಿ ಪ್ಯಾಟ್ ಕ್ವಿನ್ ಸಹಿ ಸಂಗ್ರಹಿಸಿ ಕೆಳಮನೆಯನ್ನು 177ರಿಂದ 118ಕ್ಕೆ ಇಳಿಸಿದರು. ಅದುವರೆಗೆ ಪ್ರತಿ ಕ್ಷೇತ್ರದಿಂದ ಮೂವರು ಬರುತ್ತಿದ್ದರು, ಮತದಾರರು ತಮ್ಮ ಮೂರೂ ಮತವನ್ನು ಒಬ್ಬರಿಗೇ ಹಾಕಬಹುದಿತ್ತು. ಹಾಗಾಗಿ ಶಿಕಾಗೋದಿಂದ ಒಬ್ಬಿಬ್ಬರು ರಿಪಬ್ಲಿಕನ್ನರು, ಹಳ್ಳಿ ಕಡೆಯಿಂದ ಒಬ್ಬಿಬ್ಬರು ಡೆಮಾಕ್ರಾಟರು ಗೆಲ್ಲುತ್ತಿದ್ದರು. ಒಬ್ಬೊಬ್ಬರ ಕ್ಷೇತ್ರ ಬಂದ ಮೇಲೆ ಅದು ನಿಂತಿತು. ಜನ ಕೇಳಿದ್ದು ಸಂಖ್ಯೆ, ಬದಲಾದದ್ದು ಗೆಲ್ಲುವವರು ಯಾರು ಅನ್ನುವುದು.

ಹಾಗಾಗಿ ನಿಮ್ಮ ಸಂಖ್ಯೆಯನ್ನು ಸುಮ್ನೆ "ಅರ್ಧ" ಅಂತ ಆರಿಸಬೇಡಿ. ಬೋರ್ಡಿಗೆ ಎಷ್ಟು ಸ್ಥಾಯಿ ಸಮಿತಿಗಳಿವೆ, ಒಂದೊಂದಕ್ಕೆ ಎಷ್ಟು ಜನ ಬೇಕು, ಒಬ್ಬರು ಎಷ್ಟು ಸಮಿತಿ ಹೊರಬಲ್ಲರು, ಕಾಗದದ ಮೇಲೆ ಹಾಕಿ. ಅಲ್ಲಿಂದ ಸಂಖ್ಯೆ ತಾನಾಗಿ ಬರುತ್ತದೆ.

## ಹೆಜ್ಜೆ 2: ಬಾಗಿಲು ತೆರೆದಿದೆಯಾ?

ಮೂರು ವಿಷಯ ನೋಡಬೇಕು.

ಮೊದಲನೆಯದು ಕಾಲ. ಜನಗಣತಿಯ ನಂತರ ಹೊಸ ಕ್ಷೇತ್ರಗಳಾಗಿ, ಆ ಕ್ಷೇತ್ರಗಳಲ್ಲಿ ಒಂದು ಚುನಾವಣೆ ನಡೆದ ಮೇಲಷ್ಟೇ ಅರ್ಜಿಗೆ ಅವಕಾಶ. 2020ರ ಗಣತಿಯ ಕ್ಷೇತ್ರಗಳಲ್ಲಿ 2022ರ ಏಪ್ರಿಲ್‌ನಲ್ಲಿ ಚುನಾವಣೆ ಆಯಿತು, ಹಾಗಾಗಿ ಈ ದಶಕದ ಬಾಗಿಲು ತೆರೆದಿದೆ.

ಎರಡನೆಯದು, ಈ ದಶಕದಲ್ಲಿ ಒಮ್ಮೆ ಇಳಿಸಿಯಾಗಿದೆಯಾ ಅನ್ನುವುದು. ಹೊಸ ಕ್ಷೇತ್ರಗಳಾದ ಮೇಲೆ ಬೋರ್ಡು ಬೇಕಾದರೆ ಸಾರ್ವಜನಿಕ ವಿಚಾರಣೆ ನಡೆಸಿ ತಾನೇ ಸಂಖ್ಯೆ ಇಳಿಸಬಹುದು. ಅರ್ಜಿಯ ಮೂಲಕವೂ ಇಳಿಸಬಹುದು. ಆದರೆ ಎರಡರಲ್ಲಿ ಯಾವುದೋ ಒಂದು ಆದರೆ, ಮುಂದಿನ ಜನಗಣತಿಯ ಕ್ಷೇತ್ರಗಳು ಬರುವವರೆಗೆ ಮತ್ತೆ ಕೈ ಹಾಕುವ ಹಾಗಿಲ್ಲ. ಇದರ ಒಳಗುಟ್ಟು ಗೊತ್ತಾಯಿತಲ್ವಾ? 38 ಇದ್ದದ್ದನ್ನು ಬೋರ್ಡೇ 36 ಮಾಡಿಬಿಟ್ಟರೆ ನಿಮ್ಮ 19ರ ಕನಸು ಅಲ್ಲಿಗೆ ಮುಗಿಯಿತು. ಅದಕ್ಕೇ ಬೋರ್ಡಿನ ಪ್ರತಿ ಸಭೆಯ ಅಜೆಂಡಾ ಓದಲು ಒಬ್ಬರನ್ನು ನೇಮಿಸಿ. ವಕೀಲರ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ.

ಮೂರನೆಯದು, ನೀವು ಮಿಲ್ವಾಕಿ ಕೌಂಟಿಯವರಾಗಿದ್ದರೆ ಈ ಮಾರ್ಗದರ್ಶಿ ನಿಮಗಲ್ಲ. ಏಳೂವರೆ ಲಕ್ಷ ಮೀರಿದ ಕೌಂಟಿಗೆ ಬೇರೆ ನಿಯಮ. ಅಲ್ಲಿನ ಸಿಟ್ಟಿಗೆ ಬೇರೆಯದೇ ಇತಿಹಾಸ ಇದೆ. ಪಿಂಚಣಿ ಹಗರಣದಿಂದ 2002ರಲ್ಲಿ ಕೌಂಟಿ ಎಕ್ಸಿಕ್ಯುಟಿವ್, ಅಂದರೆ ಕೌಂಟಿ ಆಡಳಿತದ ಮುಖ್ಯಸ್ಥರು, ಮನೆಗೆ ಹೋದರು, ಏಳು ಸೂಪರ್‌ವೈಸರ್‌ಗಳನ್ನು ಜನ ಅವಧಿಯ ನಡುವೆಯೇ ಮತ ಹಾಕಿ ಕುರ್ಚಿಯಿಂದ ಇಳಿಸಿದರು. ಮುಂದೆ ಬೋರ್ಡು 25ರಿಂದ 19ಕ್ಕೆ ಇಳಿಯಿತು.

## ಹೆಜ್ಜೆ 3: 25 ಪರ್ಸೆಂಟು, ಯಾವುದರ 25?

ಜನ ಎಡವುವುದು ಇಲ್ಲಿ. ಬೇಕಾಗಿರುವುದು ಮತದಾರರ ಪಟ್ಟಿಯ 25 ಪರ್ಸೆಂಟಲ್ಲ. ಅರ್ಜಿ ಸಲ್ಲಿಸುವ ಮುಂಚಿನ ವಸಂತ ಚುನಾವಣೆಯಲ್ಲಿ (ಅಂದರೆ ಏಪ್ರಿಲ್‌ನದು) ಇಡೀ ಕೌಂಟಿಯಲ್ಲಿ ಸೂಪರ್‌ವೈಸರ್ ಸ್ಥಾನಕ್ಕೆ ಬಿದ್ದ ಒಟ್ಟು ಮತಗಳ 25 ಪರ್ಸೆಂಟು. ಆ ಮತಗಳು 20,000 ಇದ್ದವು ಅಂದುಕೊಳ್ಳಿ. ಬೇಕಾದ್ದು 5,000 ಸಹಿ. ಸಮಯ 60 ದಿನ. ದಿನಕ್ಕೆ 84.

ಈ ಲೆಕ್ಕ ಏಪ್ರಿಲ್‌ನ ಹವಾಮಾನದ ಹಾಗೆ ಬದಲಾಗುತ್ತದೆ. ಅಧ್ಯಕ್ಷೀಯ ಪ್ರೈಮರಿ (ಪಕ್ಷಗಳ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಮತದಾನ) ಇರುವ ವರ್ಷ, ಅಂದರೆ 2020, 2024, 2028ರಂಥ ವರ್ಷ, ಏಪ್ರಿಲ್‌ನಲ್ಲಿ ಮತಗಟ್ಟೆಗೆ ಜನ ಜಾಸ್ತಿ. ಆಗ ನಿಮಗೆ ಬೇಕಾದ ಸಹಿಯೂ ಜಾಸ್ತಿ. ನಡುವಿನ ವರ್ಷಗಳಲ್ಲಿ ಕಡಿಮೆ. ಬೆಸಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಸೂಪರ್‌ವೈಸರ್ ಚುನಾವಣೆಯೇ ಇರುವುದಿಲ್ಲವಾದ್ದರಿಂದ ಯಾವ ವರ್ಷದ ಲೆಕ್ಕ ಹಿಡಿಯುತ್ತಾರೆ ಅನ್ನುವುದನ್ನು ಕೌಂಟಿ ಕ್ಲರ್ಕ್‌ರಿಂದ ಬರಹದಲ್ಲೇ ಪಡೆಯಿರಿ. ಇಮೇಲ್ ಸಾಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಸಹಿ ಸಂಗ್ರಹದ ನಡುವೆ ಒಂದು ಸೂಪರ್‌ವೈಸರ್ ಚುನಾವಣೆ ಬಂದುಬಿಟ್ಟರೆ? ಸಮಸಂಖ್ಯೆಯ ವರ್ಷದ ಮಾರ್ಚ್‌ನಲ್ಲಿ ಶುರು ಮಾಡಿ ಮೇನಲ್ಲಿ ಸಲ್ಲಿಸಿದರೆ ಲೆಕ್ಕ ಹೊಸ ಏಪ್ರಿಲ್‌ದು. ಹೊರಟಾಗ 4,000 ಸಾಕಿತ್ತು, ತಲುಪುವಾಗ 6,500 ಬೇಕು ಅನ್ನಬಹುದು. ಆ ತಿಂಗಳುಗಳನ್ನು ಬಿಟ್ಟುಬಿಡಿ.

ಎಷ್ಟೇ ಬಂದರೂ ಅದರ ಮೇಲೆ ಕಾಲು ಭಾಗ ಸೇರಿಸಿ ಗುರಿ ಇಟ್ಟುಕೊಳ್ಳಿ. ನಾವು ಹತ್ತು ಪರ್ಸೆಂಟು ಸಾಕು ಅಂದುಕೊಂಡಿದ್ದೆವು.

## ಹೆಜ್ಜೆ 4: ಕ್ಯಾಲೆಂಡರನ್ನು ಹಿಂದಿನಿಂದ ಓದಿ

ಅರ್ಜಿ ಸರಿಯಿದೆ ಎಂದು ಕ್ಲರ್ಕ್ ತೀರ್ಮಾನಿಸಿದ ಮೇಲೆ ಕಡೇಪಕ್ಷ 70 ದಿನ ಕಳೆದು ಬರುವ ವಸಂತ ಚುನಾವಣೆ ಅಥವಾ ನವೆಂಬರ್ ಮಹಾಚುನಾವಣೆಯಲ್ಲಿ ಪ್ರಶ್ನೆ ಮತಪತ್ರಕ್ಕೆ ಬರುತ್ತದೆ.

ಒಂದು ಉದಾಹರಣೆ ಹಿಡಿಯೋಣ. 2027ರ ಏಪ್ರಿಲ್ 6ಕ್ಕೆ ಮತದಾನ ಆಗಬೇಕು ಅಂತಿಟ್ಟುಕೊಳ್ಳಿ. ಅದರಿಂದ 70 ದಿನ ಹಿಂದೆ ಎಣಿಸಿದರೆ ಜನವರಿ 26. ಅಷ್ಟರೊಳಗೆ ಕ್ಲರ್ಕ್ ಪರಿಶೀಲನೆ ಮುಗಿದಿರಬೇಕು. ಅದಕ್ಕೂ ಮುಂಚೆ, ನಿಮ್ಮ ಅರ್ಜಿಯ ಕೊನೇ ದಿನದ ನಂತರ 14 ದಿನ, ಬೇರೆಯವರಿಗೆ ಬದಲಿ ಅರ್ಜಿ, ಅಂದರೆ ಬೇರೆ ಸಂಖ್ಯೆ ಕೇಳುವ ಅರ್ಜಿ, ಹಾಕಲು ಸಮಯ ಇರುತ್ತದೆ (ಹೆಜ್ಜೆ 7 ನೋಡಿ). ಅದಕ್ಕೂ ಹಿಂದೆ ನಿಮ್ಮ 60 ದಿನ. 2026ರ ಅಕ್ಟೋಬರ್ 20ಕ್ಕೆ ನೋಂದಾಯಿಸಿದರೆ ಡಿಸೆಂಬರ್ 19ಕ್ಕೆ ಸಹಿ ಮುಗಿಯುತ್ತದೆ, ಬದಲಿ ಅರ್ಜಿಯ ಗಡುವು ಜನವರಿ 2. ಕ್ಲರ್ಕ್‌ಗೆ ಮೂರು ವಾರ ಸಿಗುತ್ತದೆ.

ಹೀಗೆ ಹಾಕಿದರೆ ಇನ್ನೊಂದು ಲಾಭ. ನವೆಂಬರ್ 3ರ ಮಹಾಚುನಾವಣೆ ನಿಮ್ಮ 60 ದಿನದೊಳಗೇ ಬರುತ್ತದೆ. ಗವರ್ನರ್ ಆಯ್ಕೆಯ ದಿನ, ಮತದಾರರು ತಾವಾಗಿ ಒಂದು ಕಡೆ ಬರುತ್ತಾರೆ. ಮತಗಟ್ಟೆಯ ಬಾಗಿಲಿಂದ 100 ಅಡಿ ಆಚೆ ನಿಲ್ಲಿ, ನೂರೈವತ್ತು ಅಡಿ ಇದ್ದರೆ ಇನ್ನೂ ನೆಮ್ಮದಿ. ಆ ಒಂದೇ ದಿನ ಎರಡು ವಾರದ ಕೆಲಸ ಆಗುತ್ತದೆ. ಉಳಿದ ದಿನ ಚಳಿ, ಥ್ಯಾಂಕ್ಸ್‌ಗಿವಿಂಗ್, ಜಿಂಕೆ ಬೇಟೆಯ ಸೀಸನ್ನು. ಬೇಟೆಯ ವಾರ ಹಳ್ಳಿ ಕಡೆ ಹೋಗಬೇಡಿ, ಮನೆಯಲ್ಲಿ ಯಾರೂ ಸಿಗುವುದಿಲ್ಲ.

## ಹೆಜ್ಜೆ 5: ನೋಂದಣಿ ಮತ್ತು ಹಾಳೆ

ಒಂದೇ ಒಂದು ಸಹಿ ಹಾಕಿಸುವ ಮುಂಚೆ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ನೋಂದಾಯಿಸಬೇಕು. ಅರ್ಜಿದಾರರ ಹೆಸರು, ವಿಳಾಸ, ಈ ಕಲಮಿನ ಪ್ರಕಾರ ಅರ್ಜಿ ಸಲ್ಲಿಸುವ ಉದ್ದೇಶ, ಇಷ್ಟೇ. 60 ದಿನ ಅಲ್ಲಿಂದ ಶುರು. ಅದಕ್ಕೆ ಮುಂಚಿನ ಸಹಿಯೂ ಇಲ್ಲ, ಆಮೇಲಿನ ಸಹಿಯೂ ಇಲ್ಲ. ನೋಂದಣಿ ಪತ್ರಕ್ಕೆ ದಿನಾಂಕದ ಸೀಲು ಹಾಕಿಸಿ, ಫೋಟೋ ತೆಗೆದಿಟ್ಟುಕೊಳ್ಳಿ.

ಹಾಳೆಗಳು ಮೊದಲೇ ಪ್ರಿಂಟಾಗಿರಲಿ, ಸೀಲು ಬಿದ್ದ ಸಂಜೆಯೇ ಹೊರಡುವ ಹಾಗೆ. ಪ್ರತಿ ಹಾಳೆಯ ತಲೆಯಲ್ಲಿ ದಪ್ಪ ಅಕ್ಷರದಲ್ಲಿ 'ಪಿಟಿಷನ್' ಎಂಬ ಪದ ಇಂಗ್ಲಿಷಿನಲ್ಲಿ ಇರಲೇಬೇಕು. ಅದರ ಕೆಳಗೆ ಎಷ್ಟಿರುವುದನ್ನು ಎಷ್ಟಕ್ಕೆ ಇಳಿಸಬೇಕು ಎಂಬ ಸ್ಪಷ್ಟ ವಾಕ್ಯ. ಪ್ರತಿ ಸಾಲಿಗೂ ಸಹಿ, ಬಿಡಿಬಿಡಿ ಅಕ್ಷರದಲ್ಲಿ ಹೆಸರು, ಮನೆ ನಂಬರು ಮತ್ತು ಬೀದಿ, ಮತ ಹಾಕುವ ಊರು, ದಿನಾಂಕ. ಅಡಿಯಲ್ಲಿ ಸಹಿ ಹಾಕಿಸಿದವರ ದೃಢೀಕರಣ: ನಾನೇ ಹಾಳೆ ತೆಗೆದುಕೊಂಡು ಹೋದೆ, ಇವರು ಈ ಕೌಂಟಿಯ ಮತದಾರರು ಎಂದು ನನಗೆ ಗೊತ್ತು, ವಿಷಯ ತಿಳಿದೇ ಸಹಿ ಹಾಕಿದ್ದಾರೆ, ಆಯಾ ದಿನವೇ ಹಾಕಿದ್ದಾರೆ. ಸುಳ್ಳು ದೃಢೀಕರಣ ಅಪರಾಧ.

ಒಂದು ಹಾಳೆಗೆ ಹತ್ತೇ ಸಾಲು ಇಡಿ. ಇಪ್ಪತ್ತು ಸಾಲು ತುರುಕಿದರೆ ವಿಳಾಸ ಬರೆಯಲು ಜಾಗ ಸಾಲದೆ ಜನ ಅಂಚಿನ ಮೇಲೆ ಹತ್ತುತ್ತಾರೆ. ಒಂದು ಹಾಳೆಯ ಕೆಳಗಿನ ದೃಢೀಕರಣ ಕೆಟ್ಟರೆ ಹತ್ತೇ ಸಹಿ ಹೋಗುತ್ತದೆ, ಇಪ್ಪತ್ತಲ್ಲ.

## ಹೆಜ್ಜೆ 6: ಸಹಿ ಹಾಕಿಸುವುದು

ನನ್ನ ಹಾಳೆಗಳಲ್ಲಿ ಎಷ್ಟೊಂದು ಸಾಲು ಸತ್ತದ್ದು ಊರಿನ ಹೆಸರಿಂದ. ಟಪಾಲಿನಲ್ಲಿ ಬರುವ ಊರು ಬೇರೆ, ಮತ ಹಾಕುವ ಊರು ಬೇರೆ ಇರಬಹುದು. ವಾಕಿಶಾ ಕೌಂಟಿಯಲ್ಲಿ ಸಿಟಿ ಆಫ್ ಬ್ರೂಕ್‌ಫೀಲ್ಡೂ ಇದೆ, ಟೌನ್ ಆಫ್ ಬ್ರೂಕ್‌ಫೀಲ್ಡೂ ಇದೆ. ಪಿವಾಕಿಯಲ್ಲಿ ಸಿಟಿಯೊಂದು, ವಿಲೇಜೊಂದು. "ಬ್ರೂಕ್‌ಫೀಲ್ಡ್" ಅಂತಷ್ಟೇ ಬರೆದರೆ ಯಾವುದು? ಸಿಟಿ, ಟೌನ್, ವಿಲೇಜ್ ಎಂಬ ಮೂರು ಚೌಕ ಮುದ್ರಿಸಿ, ಟಿಕ್ ಹಾಕಿಸಿ. ಅನುಮಾನ ಇದ್ದರೆ "ನಿಮ್ಮ ಆಸ್ತಿ ತೆರಿಗೆ ಬಿಲ್ಲು ಯಾವ ಊರಿನ ಹೆಸರಲ್ಲಿ ಬರುತ್ತೆ?" ಅಂತ ಕೇಳಿ. ಅದು ತಪ್ಪಾಗುವುದಿಲ್ಲ.

ಪೋಸ್ಟ್ ಬಾಕ್ಸ್ ನಂಬರು ಬೇಡ. ಗಂಡನ ಪರವಾಗಿ ಹೆಂಡತಿ, ಹೆಂಡತಿಯ ಪರವಾಗಿ ಗಂಡ ಸಹಿ ಹಾಕುವ ಹಾಗಿಲ್ಲ. ಮೇಲಿನ ಸಾಲಿನ ವಿಳಾಸವೇ ಎಂದು ಎರಡು ಗೀಟು ಎಳೆಯುವುದನ್ನು ಬಿಡಿಸಿ, ಪೂರ್ತಿ ಬರೆಸಿ. ದಿನಾಂಕವನ್ನು ಅವರೇ ಬರೆಯಲಿ. ನಮ್ಮವರು ಅಭ್ಯಾಸಬಲದಿಂದ ದಿನವನ್ನು ಮೊದಲು, ತಿಂಗಳನ್ನು ಆಮೇಲೆ ಬರೆದುಬಿಡುತ್ತಾರೆ. ನವೆಂಬರ್ 12 ಡಿಸೆಂಬರ್ 11 ಆಗಿ, ಅರ್ಜಿಯ ಲೆಕ್ಕವೇ ಎಡವಟ್ಟು.

ಇನ್ನು ಪೌರತ್ವ. ಸಹಿ ಹಾಕುವವರು ಆ ಕೌಂಟಿಯ ಮತದಾರರಾಗಲು ಅರ್ಹರಿರಬೇಕು, ಅಂದರೆ ಅಮೆರಿಕದ ಪೌರರು, 18 ದಾಟಿದವರು. ಗ್ರೀನ್ ಕಾರ್ಡ್ ಇದ್ದರೆ ಸಾಲದು. ಎಚ್‌-1ಬಿ ಅಂತೂ ಇಲ್ಲವೇ ಇಲ್ಲ. ಸಹಿ ಹಾಕಿಸುವವರೂ ಪೌರರೇ ಆಗಿರಬೇಕು, ಆದರೆ ಅದೇ ಕೌಂಟಿಯವರಾಗಬೇಕಿಲ್ಲ. ಇದನ್ನು ಕನ್ನಡದವರ ಗುಂಪಿನಲ್ಲಿ ನಯವಾಗಿ ಹೇಳಬೇಕಾಗುತ್ತದೆ. ಪಿವಾಕಿಯ ಹಿಂದೂ ದೇವಸ್ಥಾನದಲ್ಲಿ ಭಾನುವಾರ ಊಟದ ಹೊತ್ತಿಗೆ ನೂರು ಜನ ಸಿಗುತ್ತಾರೆ, ನಿಜ. ಆದರೆ ಅವರಲ್ಲಿ ಮಿಲ್ವಾಕಿಯವರು ಎಷ್ಟು, ಡೇನ್‌ನವರು ಎಷ್ಟು, ಪೌರರು ಎಷ್ಟು? ಅಂಥ ಕಡೆ ಆಡಳಿತದವರ ಅನುಮತಿ ಇಲ್ಲದೆ ಮೇಜು ಹಾಕುವುದೂ ಸರಿಯಲ್ಲ.

ಅಪ್ಪ ಎರಡು ದಿನ ನನ್ನ ಜೊತೆ ಬಂದರು, ಎರಡು ಮಂಕಿ ಟೋಪಿ ಒಂದರ ಮೇಲೊಂದು ಹಾಕಿಕೊಂಡು. ಬಾಗಿಲು ತೆರೆದವರಿಗೆಲ್ಲ ಕೈಮುಗಿಯುತ್ತಿದ್ದರು. ನನಗಿಂತ ಅವರನ್ನು ನೋಡಿಯೇ ಜನ ಒಳಗೆ ಕರೆದರು. ಎರಡನೇ ದಿನ ಸಂಜೆ ಕಾರಲ್ಲಿ ಕೂತು ಹಾಳೆ ಎಣಿಸುವಾಗ ಕೊನೆಯ ಸಾಲಿನಲ್ಲಿ ಕನ್ನಡದಲ್ಲಿ ಒಂದು ಸಹಿ. ಮುತ್ತಿನಂಥ ಅಕ್ಷರ. "ಒಂದು ಸಾಲು ಖಾಲಿ ಇತ್ತಲ್ಲೋ" ಅಂದರು. ಆ ಸಾಲಿನ ಮೇಲೆ ಗೀಟೆಳೆದು, ಪಕ್ಕದಲ್ಲಿ ನನ್ನ ಇನಿಶಿಯಲ್ ಹಾಕಿದೆ. ಹೊಂದದ ಸಹಿ ಕಂಡರೆ ನೀವೂ ಹೀಗೆಯೇ ಮಾಡಿ, ಅಡಗಿಸಬೇಡಿ.

ಒಳ್ಳೆಯ ಜಾಗಗಳು: ಬೇಸಿಗೆಯಲ್ಲಾದರೆ ರೈತರ ಸಂತೆ, ಚಳಿಗಾಲದಲ್ಲಾದರೆ ಹೋಟೆಲುಗಳ ಶುಕ್ರವಾರದ ಮೀನೂಟ, ಫಿಶ್ ಫ್ರೈ. ಸೀಟು ಸಿಗಲು ಕಾಯುತ್ತಾ ನಿಂತವರಿಗೆ ಬೇರೆ ಕೆಲಸ ಇರುವುದಿಲ್ಲ. ಮಾಲೀಕರನ್ನು ಮೊದಲು ಕೇಳಿ.

ಹಾಳೆ ತುಂಬಿದ ಮೇಲಷ್ಟೇ ಅಡಿಯ ದೃಢೀಕರಣಕ್ಕೆ ಸಹಿ ಹಾಕಿ, ದಿನಾಂಕ ಬರೆಯಿರಿ. ನನ್ನ ತಪ್ಪು ಇದೇ. ಬೆಳಿಗ್ಗೆ ಅಡುಗೆಮನೆಯಲ್ಲಿ ಕೂತು, ಕೆಲಸ ಹಗುರಾಗಲಿ ಎಂದು ಖಾಲಿ ಹಾಳೆಗಳಿಗೆಲ್ಲ ಮೊದಲೇ ಸಹಿ, ದಿನಾಂಕ ಹಾಕಿ ಇಟ್ಟಿದ್ದೆ. ಜನ ಸಹಿ ಹಾಕಿದ್ದು ಆಮೇಲಿನ ದಿನಗಳಲ್ಲಿ. ದೃಢೀಕರಣದ ದಿನಾಂಕಕ್ಕಿಂತ ಆಮೇಲಿನ ಸಹಿ ಲೆಕ್ಕಕ್ಕೆ ಬರುವುದಿಲ್ಲ. ನಾನು ನೋಡದೇ ಇದ್ದುದನ್ನು ನೋಡಿದೆ ಎಂದು ಬರೆದ ಹಾಗಾಯಿತಲ್ಲ.

ಪ್ರತಿ ರಾತ್ರಿ ಆ ದಿನದ ಹಾಳೆಗಳನ್ನು ಇನ್ನೊಬ್ಬರು ಓದಬೇಕು. ತಪ್ಪು ಅವತ್ತೇ ಸಿಕ್ಕರೆ ಮಾರನೇ ದಿನ ಅದೇ ಮನೆಗೆ ಹೋಗಿ ಹೊಸ ಸಾಲಿನಲ್ಲಿ ಸಹಿ ಹಾಕಿಸಬಹುದು, ಕೆಟ್ಟದ್ದಕ್ಕೆ ಗೀಟು ಹಾಕಿ. ಕೊನೇ ವಾರ ಸಿಕ್ಕರೆ ಏನೂ ಮಾಡಲಾಗದು.

## ಹೆಜ್ಜೆ 7: ಸಲ್ಲಿಸಿದ ಮೇಲೆ ಎದುರು ಅರ್ಜಿ

ಹಾಳೆಗಳಿಗೆ ಪುಟಸಂಖ್ಯೆ ಹಾಕಿ, ಎಲ್ಲವನ್ನೂ ಸ್ಕ್ಯಾನ್ ಮಾಡಿ, ಆಮೇಲೆ ಕೊಡಿ. ರಸೀದಿ ಪಡೆಯಿರಿ.

ಅದಾದ ಮೇಲೆ 14 ದಿನದ ಆಟ. ಬೇರೆ ಯಾರು ಬೇಕಾದರೂ ಬೇರೆ ಸಂಖ್ಯೆಯ ಬದಲಿ ಅರ್ಜಿ ಹಾಕಬಹುದು. ಅವರಿಗೂ ನೋಂದಣಿ, 60 ದಿನ, 25 ಪರ್ಸೆಂಟು, ಎಲ್ಲ ಇದೇ ಷರತ್ತು. ಹಾಗಾಗಿ ನಿಮ್ಮ ಅರ್ಜಿ ನೋಡಿ 14 ದಿನದಲ್ಲಿ ಎಬ್ಬಿಸುವುದು ಸುಲಭವಲ್ಲ. ನೀವು ನೋಂದಾಯಿಸಿದ ವಾರದಲ್ಲೇ ಅವರೂ ನೋಂದಾಯಿಸಿರುತ್ತಾರೆ. ನೀವು 38ನ್ನು 19 ಮಾಡಿ ಅಂದರೆ ಅವರು 30 ಸಾಕು ಅನ್ನುತ್ತಾರೆ. ಎರಡೂ ಒಂದೇ ಜನಮತದಲ್ಲಿ ಬರುತ್ತವೆ. ಗಟ್ಟಿ ಬದಲಾವಣೆಗೆ ಹೆದರುವವರು ಮೆತ್ತಗಿನ ಸಂಖ್ಯೆಗೆ ಹೋಗುತ್ತಾರೆ. ಕ್ಲರ್ಕ್ ಕಚೇರಿಗೆ ವಾರಕ್ಕೊಮ್ಮೆ ಹೋಗಿ, ಬೇರೆ ಯಾರಾದರೂ ನೋಂದಾಯಿಸಿದ್ದಾರಾ ಕೇಳಿ. ಅದು ಸಾರ್ವಜನಿಕ ದಾಖಲೆ.

ಹೆಜ್ಜೆ 1ರಲ್ಲಿ ಸಮಿತಿಗಳ ಲೆಕ್ಕ ಹಾಕಿ ಸಂಖ್ಯೆ ಆರಿಸಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. "19 ಯಾಕೆ, 30 ಯಾಕಲ್ಲ?" ಎಂಬ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರುತ್ತದೆ.

## ಹೆಜ್ಜೆ 8: ಜನಮತ

ಪ್ರಶ್ನೆಯ ಮಾತುಗಳನ್ನು ಕಾನೂನೇ ಬರೆದಿಟ್ಟಿದೆ. ಇಂಥ ಕೌಂಟಿಯ ಬೋರ್ಡನ್ನು ಇಷ್ಟು ಸದಸ್ಯರಿಂದ ಇಷ್ಟಕ್ಕೆ ಇಳಿಸಬೇಕೇ? ಹೌದು, ಇಲ್ಲ. ಅದರಲ್ಲಿ ಖರ್ಚಿನ ಮಾತಿಲ್ಲ, ಕಾರಣದ ಮಾತಿಲ್ಲ. ಹಾಗಾಗಿ ಕಾರಣ ಹೇಳುವ ಕೆಲಸ ಪೂರ್ತಿ ನಿಮ್ಮದು. ಮತ ಹಾಕಿದವರಲ್ಲಿ ಬಹುಮತ ಸಾಕು.

ಪ್ರಚಾರಕ್ಕೆ ವರ್ಷದಲ್ಲಿ 10,000 ಡಾಲರ್ ದಾಟುವ ಅಂದಾಜಿದ್ದರೆ ಜನಮತ ಸಮಿತಿಯಾಗಿ ನೋಂದಾಯಿಸಿ ಲೆಕ್ಕ ಕೊಡಬೇಕಾಗುತ್ತದೆ. ಅಷ್ಟು ಖರ್ಚು ಮಾಡುವುದು ಬೇಡವೇ ಬೇಡ. ಒಂದು ಪುಟದ ಕರಪತ್ರ, ಟೌನ್ ಸಭೆಗಳಿಗೆ ಹೋಗಿ ಹತ್ತು ನಿಮಿಷ ಮಾತು, ಸ್ಥಳೀಯ ಪತ್ರಿಕೆಗೆ ಓದುಗರ ಪತ್ರ, ಇಷ್ಟರಲ್ಲಿ ಮುಗಿಯುತ್ತದೆ. ಹಳ್ಳಿ ಟೌನ್‌ಗಳಿಗೆ ಮೊದಲು ಹೋಗಿ. ಅಲ್ಲಿನವರ ಭಯ ನಿಜವಾದದ್ದು, ಅದನ್ನು ಕೇಳಿಸಿಕೊಳ್ಳದೆ ಗೆದ್ದರೆ ಮುಂದಿನ ಹೆಜ್ಜೆಯಲ್ಲಿ ಪೆಟ್ಟು ಬೀಳುತ್ತದೆ.

## ಗೆದ್ದ ಮೇಲೆ ನಕ್ಷೆ

ಗೆದ್ದ ರಾತ್ರಿ ಕೇಕ್ ಕತ್ತರಿಸಿ ಮಲಗಿಬಿಟ್ಟವರು ಆಮೇಲೆ ಗೋಳಾಡುತ್ತಾರೆ. ಹೊಸ ಸಂಖ್ಯೆಗೆ ಹೊಸ ಕ್ಷೇತ್ರಗಳ ಗೆರೆ ಎಳೆಯುವವರು ಯಾರು? ಅದೇ ಬೋರ್ಡು, ಕುರ್ಚಿ ಕಳೆದುಕೊಳ್ಳಲಿರುವ ಅದೇ ಸದಸ್ಯರು. ಯಾವ ಇಬ್ಬರು ಸದಸ್ಯರು ಒಂದೇ ಕ್ಷೇತ್ರಕ್ಕೆ ಬೀಳುತ್ತಾರೆ, ಯಾವ ಟೌನ್ ಎರಡಾಗಿ ಸೀಳುತ್ತದೆ ಎನ್ನುವುದೆಲ್ಲ ಅಲ್ಲೇ ತೀರ್ಮಾನ. ಕ್ಷೇತ್ರಗಳ ಜನಸಂಖ್ಯೆ ಸರಿಸುಮಾರು ಸಮ ಇರಬೇಕು, ಆದರೆ ಸಮ ಮಾಡಲು ಹತ್ತು ದಾರಿ ಇರುತ್ತವೆ.

ಅದಕ್ಕೇ ಸಹಿ ಸಂಗ್ರಹದ ಗುಂಪನ್ನು ಒಡೆಯಬೇಡಿ. ನಕ್ಷೆಯ ಕರಡು ಬಂದ ದಿನವೇ ಒಂದು ಕಾಪಿ ತರಿಸಿ. ಟೌನ್ ಗಡಿಗಳ ಮೇಲೆ ಇಟ್ಟು ನೋಡಿ. ನಿಮ್ಮ ಬದಲಿ ನಕ್ಷೆಯೊಂದನ್ನು ಸಿದ್ಧ ಮಾಡಿಟ್ಟುಕೊಳ್ಳಿ. ಕೌಂಟಿಯ ಭೂಮಾಹಿತಿ ವಿಭಾಗದವರು ಬ್ಲಾಕುವಾರು ಜನಸಂಖ್ಯೆ ಕೊಡುತ್ತಾರೆ. ಸಭೆಯಲ್ಲಿ ಸಾರ್ವಜನಿಕರಿಗೆ ಸಿಗುವ ಮೂರು ನಿಮಿಷದಲ್ಲಿ ಭಾಷಣ ಬೇಡ. "ನಾಲ್ಕನೇ ಕ್ಷೇತ್ರದ ಈ ರಸ್ತೆಯಿಂದ ಪೂರ್ವಕ್ಕೆ ಇರುವ ಮನೆಗಳನ್ನು ಐದಕ್ಕೆ ಸೇರಿಸಿ, ಆಗ ಈ ಟೌನ್ ಒಡೆಯುವುದಿಲ್ಲ" ಅನ್ನಿ. ಅಂಥ ಮಾತನ್ನು ನಿರಾಕರಿಸುವುದು ಕಷ್ಟ.

ನಮ್ಮ ಉದಾಹರಣೆಯ ಕ್ಯಾಲೆಂಡರಿನಲ್ಲಿ ಹೊಸ ಕ್ಷೇತ್ರಗಳಿಗೆ ಚುನಾವಣೆ 2028ರ ಏಪ್ರಿಲ್‌ನಲ್ಲಿ. ಅದಕ್ಕೆ ನಾಮಪತ್ರದ ಸಹಿ ಸಂಗ್ರಹ 2027ರ ಡಿಸೆಂಬರ್ 1ಕ್ಕೇ ಶುರುವಾಗುತ್ತದೆ. ನಿಮ್ಮ ಗುಂಪಿನಲ್ಲಿ ಯಾರಾದರೂ ನಿಲ್ಲುವುದಾದರೆ ಅವರಿಗೂ ಹಾಳೆ ಬೇಕು, ಮನೆ ನಂಬರು, ಸಿಟಿಯೋ ಟೌನೋ ವಿಲೇಜೋ, ದಿನಾಂಕ, ಅಡಿಯಲ್ಲಿ ದೃಢೀಕರಣ. ಆಗಲೂ ಚಳಿಗಾಲವೇ, ಒಳಜೇಬಿನ ಪೆನ್ನು ಮರೆಯಬೇಡಿ.